ಬೋರ್ ನೀರಿನ ಬಿಳಿ ಕಲೆ, ಆಸಿಡ್ ತಿಂದ ಕೆಂಪು ನೆಲ, ಅರಿಶಿನ, ಬಾಳೆ ಕಲೆ: ಯಾವುದಕ್ಕೆ ಏನು ಹಾಕಬೇಕು?

ಬಾಡಿಗೆಮನೆ_ಮಂಡ್ಯ

ಮಂಡ್ಯದಲ್ಲಿ ಹಳೇ ಮನೆ, ಪೂರ್ತಿ ಬೋರ್ ನೀರು. ಬಾತ್‌ರೂಮ್ ಟೈಲ್ಸ್, ನಲ್ಲಿ, ಶವರ್ ಎಲ್ಲದರ ಮೇಲೂ ಬಿಳಿ ಪದರ. ಹಾಲಿನಲ್ಲಿ ಕೆಂಪು ಗಾರೆ ನೆಲ. ಹಿಂದೆ ಇದ್ದವರು ಅದಕ್ಕೆ ಆಸಿಡ್ ಸುರಿದು ತೊಳೆಸಿದ್ದಾರಂತೆ, ಅಲ್ಲಲ್ಲಿ ಬೆಳ್ಳಗೆ ಮಚ್ಚೆ ಬಿದ್ದಿದೆ. ಅಡುಗೆಮನೆ ಕಟ್ಟೆ ಕಪ್ಪು ಕಲ್ಲು, ಅದರ ಮೇಲೆ ಲೋಟದ ಅಡಿಯ ಗುರುತಿನ ಹಾಗೆ ಮಸುಕು ಉಂಗುರಗಳು. ಗೌರಿ ಹಬ್ಬದೊಳಗೆ ಮನೆ ಒಂದು ಹದಕ್ಕೆ ಬರಬೇಕು. ಎಲ್ಲಿಂದ ಶುರು ಮಾಡಲಿ? ಅಳತೆ ಸಮೇತ ಹೇಳಿದರೆ ಉಪಕಾರ.

ಗೊಬ್ಬಳಿ

ಬಾತ್‌ರೂಮಿಗೆ ಆಸಿಡ್ ಬಾಟ್ಲು ತಂದು ಸುರಿದು ಐದು ನಿಮಿಷ ಬಿಟ್ಟು ತಿಕ್ಕಿ ಸಾರ್. ಬುರುಬುರು ಅಂತ ನೊರೆ ಬಂದು ಎದ್ದು ಬರುತ್ತೆ. ಇಷ್ಟಕ್ಕೆಲ್ಲ ಅಳತೆ ಯಾಕೆ?

ಕೆಂಪುಗಾರೆ

ದಯವಿಟ್ಟು ಬೇಡ. ಆ ನೊರೆ ಬರೋದು ಬರೀ ಕಲೆಯಿಂದ ಅಲ್ಲ, ಟೈಲ್ಸ್ ಸಂದಿನ ಸಿಮೆಂಟಿನಿಂದಲೂ ಬರುತ್ತೆ. ಆಸಿಡ್‌ಗೆ ನೀರಿನ ಸುಣ್ಣ ಯಾವುದು, ಸಿಮೆಂಟಿನ ಸುಣ್ಣ ಯಾವುದು ಅಂತ ಗೊತ್ತಾಗಲ್ಲ. ನಾಲ್ಕು ಸಲ ಸುರಿದರೆ ಸಂದು ಟೊಳ್ಳಾಗುತ್ತೆ, ಅಲ್ಲಿಂದ ನೀರು ಇಳಿದು ಪಕ್ಕದ ರೂಮಿನ ಗೋಡೆ ಉಬ್ಬುತ್ತೆ. ಆಮೇಲೆ "ಪ್ಲಂಬಿಂಗ್ ಲೀಕ್" ಅಂತ ಪೈಪು ಒಡೆಸ್ತಾರೆ. ಲೀಕ್ ಪೈಪಿನದಲ್ಲ, ಆಸಿಡ್ ತಿಂದ ಸಂದಿನದು. ಜೊತೆಗೆ ಅದರ ಹೊಗೆ ನಲ್ಲಿಯ ಕ್ರೋಮ್, ಬಾಗಿಲ ಕೀಲು, ಸ್ಟೀಲ್ ಸ್ಟ್ಯಾಂಡ್ ಎಲ್ಲಕ್ಕೂ ತುಕ್ಕು ಹಿಡಿಸುತ್ತೆ, ಆಸಿಡ್ ತಾಗದೇ ಇದ್ದರೂ ಸರಿ.

ಇನ್ನೊಂದು ಮಾತು. 2013ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಆಸಿಡ್‌ನ ಬಿಡಿ ಮಾರಾಟಕ್ಕೆ ಕಟ್ಟುಪಾಡು ಹಾಕಿದೆ. ಅಂಗಡಿಯವರು ಗುರುತಿನ ಚೀಟಿ ನೋಡಿ, ರಿಜಿಸ್ಟರ್‌ನಲ್ಲಿ ಬರೆದುಕೊಂಡು ಕೊಡಬೇಕು, 18 ವರ್ಷದೊಳಗಿನವರಿಗೆ ಕೊಡುವ ಹಾಗೇ ಇಲ್ಲ. ಅಷ್ಟು ಕಟ್ಟುನಿಟ್ಟು ಇರುವ ಪದಾರ್ಥವನ್ನು ನಲ್ಲಿ ತೊಳೆಯೋಕೆ ತರೋದು ಅಂದ್ರೆ ಏನು ಹೇಳೋಣ.

ರಸಾಯನ_ಮೇಷ್ಟ್ರು

ಬಿಳಿ ಪದರ ಏನು ಅಂತ ಮೊದಲು ತಿಳ್ಕೊಂಡರೆ ಅರ್ಧ ಕೆಲಸ ಮುಗೀತು. ಬೋರ್ ನೀರಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಬೈಕಾರ್ಬನೇಟ್ ಕರಗಿರುತ್ತೆ. ನೀರು ಕಾದಾಗ ಅಥವಾ ಆರಿದಾಗ ಅದು ಕಾರ್ಬನೇಟ್ ಆಗಿ ಗಟ್ಟಿ ಕೂರುತ್ತೆ. ಗೀಸರ್ ಕಾಯಿಲ್ ಮೇಲೆ, ಸೋಲಾರ್ ಕೊಳವೆಯಲ್ಲಿ, ಶವರ್ ತೂತಿನಲ್ಲಿ ಕೂರೋದು ಇದೇ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂವರೆಗೆ ಒಪ್ಪಬಹುದು, ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ. ಅಂಗಡಿಯಲ್ಲಿ ಸಿಗುವ ಪೆನ್ನಿನಂಥ ಟಿಡಿಎಸ್ ಮೀಟರ್ ಇದನ್ನು ತೋರಿಸಲ್ಲ. ಅದು ಉಪ್ಪಂಶ ಎಲ್ಲವನ್ನೂ ಒಟ್ಟು ಮಾಡಿ ಹೇಳುತ್ತೆ. ಸುಲಭದ ಪರೀಕ್ಷೆ ಬೇಕಾದರೆ ಅರ್ಧ ಬಾಟಲು ನೀರಿಗೆ ಬಾರ್ ಸೋಪು ಕರಗಿಸಿದ ನೀರು ಹತ್ತು ಹನಿ ಹಾಕಿ ಅಲ್ಲಾಡಿಸಿ. ನೊರೆ ನಿಂತರೆ ಮೆದು ನೀರು, ಹಾಲು ಒಡೆದ ಹಾಗೆ ಹೆಪ್ಪುಗಟ್ಟಿದರೆ ಗಡಸು. ಕಾವೇರಿ ನಲ್ಲಿ ನೀರನ್ನೂ ಬೋರ್ ನೀರನ್ನೂ ಪಕ್ಕಪಕ್ಕ ಇಟ್ಟು ಮಾಡಿದರೆ ವ್ಯತ್ಯಾಸ ಕಣ್ಣಿಗೆ ಕಾಣುತ್ತೆ.

ಕಾರ್ಬನೇಟ್ ಕರಗಿಸಲು ಹುಳಿ ಬೇಕು, ಆದರೆ ಮೃದುವಾದ ಹುಳಿ ಸಾಕು. ಸಿಟ್ರಿಕ್ ಆಸಿಡ್ ಹರಳು ದಿನಸಿ ಅಂಗಡಿ, ಬೇಕರಿ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತೆ. ಕೆಲವರು ನಿಂಬೆ ಉಪ್ಪು ಅಂತ ಕೇಳ್ತಾರೆ.

ಅಳತೆ: 1 ಲೀಟರ್ ಬಿಸಿ ನೀರಿಗೆ 50 ಗ್ರಾಂ, ಅಂದರೆ ಸುಮಾರು 4 ದೊಡ್ಡ ಚಮಚ. ಪದರ ಕಲ್ಲಿನ ಹಾಗಿದ್ದರೆ 100 ಗ್ರಾಂ, ಅದಕ್ಕಿಂತ ಹೆಚ್ಚು ಹಾಕಿ ಪ್ರಯೋಜನವಿಲ್ಲ. ನೀರು ಬಿಸಿ ಇದ್ದಷ್ಟೂ ಬೇಗ ಕೆಲಸ ಮಾಡುತ್ತೆ.

ಟೈಲ್ಸ್‌ಗೆ ಹಾಕುವ ಮುಂಚೆ ಗೋಡೆಗೆ ಬರೀ ನೀರು ಎರಚಿ ಸಂದುಗಳನ್ನು ಚೆನ್ನಾಗಿ ನೆನೆಸಿ. ಒಣಗಿದ ಸಂದು ಹುಳಿಯನ್ನು ಒಳಕ್ಕೆ ಎಳ್ಕೊಳ್ಳುತ್ತೆ, ನೆನೆದ ಸಂದು ಎಳ್ಕೊಳ್ಳಲ್ಲ. ಇದೊಂದನ್ನು ಮರೆತರೆ ಸಿಟ್ರಿಕ್ಕೂ ಸಂದನ್ನು ಕೆಡಿಸುತ್ತೆ. ಸಿಂಪಡಿಸಿ 10 ನಿಮಿಷ ಬಿಡಿ, ಆರಲು ಬಿಡಬೇಡಿ. ನೈಲಾನ್ ಬ್ರಷ್‌ನಲ್ಲಿ ತಿಕ್ಕಿ, ತೊಳೆಯಿರಿ. ಪೂರ್ತಿ ಹೋಗದಿದ್ದರೆ ಮತ್ತೊಂದು ಸುತ್ತು. ಒಂದೇ ಸಲಕ್ಕೆ ಒಂದು ಗಂಟೆ ಬಿಡೋದಕ್ಕಿಂತ ಹತ್ತು ಹತ್ತು ನಿಮಿಷದ ಮೂರು ಸುತ್ತು ಲೇಸು. ಕೊನೆಗೆ ಒಂದು ಬಕೆಟ್ ನೀರಿಗೆ ಒಂದು ಚಮಚ ಒಗೆಯುವ ಸೋಡ ಹಾಕಿ ತೊಳೆದುಬಿಟ್ಟರೆ ಉಳಿದ ಹುಳಿ ಸತ್ತುಹೋಗುತ್ತೆ.

ಹೊಸಬಳು

ಮೇಷ್ಟ್ರೇ, ಅಡುಗೆ ಸೋಡ ಮತ್ತು ವಿನೆಗರ್ ಸೇರಿಸಿ ಹಾಕಿದರೆ ಇನ್ನೂ ಚೆನ್ನಾಗಿ ಹೋಗುತ್ತೆ ಅಂತ ವಿಡಿಯೋದಲ್ಲಿ ತೋರಿಸ್ತಾರಲ್ಲ?

ರಸಾಯನ_ಮೇಷ್ಟ್ರು

ನೊರೆ ನೋಡೋಕೆ ಚೆಂದ ಕಣಮ್ಮ, ಅಷ್ಟೇ. ಒಂದು ಹುಳಿ, ಇನ್ನೊಂದು ಕ್ಷಾರ. ಎರಡೂ ಸೇರಿದರೆ ಒಂದನ್ನೊಂದು ಕೊಂದುಕೊಂಡು ಉಳಿಯೋದು ಉಪ್ಪುನೀರು. ಸೋಡ ಜಿಡ್ಡಿಗೆ, ವಿನೆಗರ್ ಸುಣ್ಣದ ಕಲೆಗೆ. ಬೇರೆ ಬೇರೆಯಾಗಿ ಹಾಕಿದರೆ ಎರಡೂ ದುಡಿಯುತ್ತವೆ, ಒಟ್ಟಿಗೆ ಹಾಕಿದರೆ ಎರಡೂ ದಂಡ. ವಿನೆಗರ್‌ನಲ್ಲಿ ಹುಳಿ ಇರೋದು ಸುಮಾರು 5%. ಅದೇ ಶಕ್ತಿ ಮನೆಯಲ್ಲಿ ಕಲಸಿದ ಸಿಟ್ರಿಕ್ ನೀರಿಗೆ ಬರುತ್ತೆ, ವಾಸನೆಯೂ ಇಲ್ಲ.

ಕೆರೆಕೋಡಿ_ಮದ್ದೂರು

ಮೇಷ್ಟ್ರು ಯೋಳಿದ್ದು ಸರಿ, ಆದ್ರೆ ಬಾತ್‌ರೂಮ್ ಬಿಳಿ ಕಲೆ ಎಲ್ಲಾ ಒಂದೇ ತರ ಅಲ್ಲ ಕಣ್ರಪ್ಪ. ನಲ್ಲಿ ಮೇಲೆ ಕೂರದು ಬರೀ ಸುಣ್ಣ. ಆದ್ರೆ ಗೋಡೆ ಕೆಳಗಡೆ, ನೆಲ್ದಲ್ಲಿ, ಬಕೆಟ್ ಒಳಗಡೆ ಬೂದಿ ಬಣ್ಣಕ್ಕೆ ಜಿಗಟಾಗಿ ಕೂತಿರ್ತದಲ್ಲ, ಅದು ಸೋಪು ಗಡಸು ನೀರಿಗೆ ಸೇರಿ ಹೆಪ್ಪಾಗಿರದು. ಅದ್ಕೆ ಬರೀ ಹುಳಿ ಹಾಕುದ್ರೆ ಸುಣ್ಣ ಬಿಡ್ತದೆ, ಜಿಡ್ಡು ಅಲ್ಲೇ ಉಳೀತದೆ. ಬರೀ ಸೋಪ್ ಹಾಕುದ್ರೆ ಇನ್ನೊಂದ್ ಪದರ ಕೂರ್ತದೆ ಅಷ್ಟೆಯ. ಮೊದ್ಲು ಸಿಟ್ರಿಕ್, ತೊಳ್ದು, ಆಮೇಲೆ ಪಾತ್ರೆ ತೊಳೆಯೋ ಲಿಕ್ವಿಡ್ ಬಿಸಿನೀರಲ್ಲಿ. ಈ ವರಸೆ ತಿರುಗುಮುರುಗು ಮಾಡ್ಬೇಡಿ.

ನಲ್ಲಿಗೆ: ಬಾಯಲ್ಲಿರೋ ಜಾಲರಿನ ಕೈಯಲ್ಲೇ ತಿರುಗ್ಸಿ ಬಿಚ್ಚಿ. ಬರ್ದೇ ಇದ್ರೆ ಬಟ್ಟೆ ಸುತ್ತಿ ಇಕ್ಕಳ ಹಾಕಿ, ಬಟ್ಟೆ ಇಲ್ದೆ ಹಾಕುದ್ರೆ ಕ್ರೋಮ್ ಕಿತ್ಕೊಂಡೋಯ್ತದೆ. ಲೋಟದಲ್ಲಿ ಸಿಟ್ರಿಕ್ ನೀರಾಕಿ ಒಂದ್ ಗಂಟೆ ಬುಡಿ. ಬಿಚ್ಚುವಾಗ ಒಳಗಿನ ರಬ್ಬರ್ ವಾಷರ್ ಯಾವ ಕಡೆ ಇತ್ತು ಅಂತ ನೋಡ್ಕಳಿ, ಅದು ಬಿದ್ದೋದ್ರೆ ಸುತ್ತಲೂ ಸೋರ್ತದೆ. ನಲ್ಲಿ ಮೈಗೆ ಹಳೇ ಬನೀನು ಬಟ್ಟೆ ಸಿಟ್ರಿಕ್ಕಲ್ಲಿ ಅದ್ದಿ ಸುತ್ತಿ, 20 ನಿಮಿಷ. ರಾತ್ರಿಯೆಲ್ಲ ಬುಟ್ರೆ ಕ್ರೋಮ್ ಮಂಕಾಯ್ತದೆ. ಚಿನ್ನದ ಬಣ್ಣದ ನಲ್ಲಿ ಇದ್ರೆ ಇದ್ಯಾವ್ದೂ ಬ್ಯಾಡ, ಬರೀ ಸೋಪ್ ನೀರು.

ಕಮೋಡಿಗೆ: ಒಳಗಿನ ನೀರ್ನ ಮೊದ್ಲು ಬ್ರಷ್ಷಲ್ಲಿ ಕೆಳಕ್ಕೆ ತಳ್ಳಿ ಖಾಲಿ ಮಾಡಿ. ನೀರಿದ್ದಂಗೇ ಹಾಕುದ್ರೆ ಔಷ್ದಿ ತೆಳುವಾಗಿ ಏನೂ ಕೆಲ್ಸ ಮಾಡಲ್ಲ. ಟಾಯ್ಲೆಟ್ ಕ್ಲೀನರ್ ಬಾಟ್ಲಲ್ಲೇ ಹೈಡ್ರೋಕ್ಲೋರಿಕ್ ಆಮ್ಲ ಇರ್ತದೆ, ಪಿಂಗಾಣಿಗೆ ಅದು ಪರವಾಗಿಲ್ಲ, ಹೊರಗಡೆ ಟೈಲ್ಸ್‌ಗೆ ಚೆಲ್ಬಾರ್ದು.

ಗೊಬ್ಬಳಿ

ಸರಿ, ಒಪ್ಪಿದೆ. ಆದರೆ ಶವರ್ ಗಾಜಿನ ಮೇಲಿನ ಮಸುಕು ಸಿಟ್ರಿಕ್‌ಗೂ ಹೋಗಲ್ಲ, ಆಸಿಡ್‌ಗೂ ಹೋಗಲ್ಲ. ಅದಕ್ಕೇನಂತೀರಿ?

ರಸಾಯನ_ಮೇಷ್ಟ್ರು

ಅದು ಸುಣ್ಣ ಅಲ್ಲ, ಸಿಲಿಕಾ. ಬೋರ್ ನೀರಲ್ಲಿ ಅದೂ ಇರುತ್ತೆ, ಗಾಜಿಗೆ ಗಾಜಿನ ಜಾತಿಯದೇ ಅಂಟಿದ ಹಾಗೆ. ಮನೆಯಲ್ಲಿ ಇರುವ ಯಾವ ಹುಳಿಗೂ ಕರಗಲ್ಲ. ಗಾಜು ಪಾಲಿಶ್ ಮಾಡುವ ಸೀರಿಯಂ ಆಕ್ಸೈಡ್ ಪುಡಿಯನ್ನು ನೀರಲ್ಲಿ ಗಂಜಿಯ ಹಾಗೆ ಕಲಸಿ ಒದ್ದೆ ಬಟ್ಟೆಯಲ್ಲಿ ಸುತ್ತು ಸುತ್ತಾಗಿ ತಿಕ್ಕಬೇಕು. ತೋಳು ನೋಯುತ್ತೆ. ಅದಕ್ಕೇ ಸ್ನಾನ ಆದ ಮೇಲೆ ವೈಪರ್‌ನಲ್ಲಿ ಒಂದು ಸಲ ನೀರು ಎಳೆದುಬಿಡೋದು ಅಂತ ಹೇಳೋದು. ನೀರು ಆರಿದ ಜಾಗದಲ್ಲಿ ಮಾತ್ರ ಕಲೆ.

ಕೆಂಪುಗಾರೆ

ಇನ್ನು ಕೆಂಪು ನೆಲದ ವಿಷಯ. ಇದಕ್ಕೆ ಸ್ವಲ್ಪ ಉದ್ದ ಬರೀಬೇಕು, ಯಾಕೆಂದರೆ ಮೈಸೂರು, ಮಂಡ್ಯ ಕಡೆ ಒಳ್ಳೆಯ ಕೆಂಪು ನೆಲಗಳು ಹಾಳಾಗ್ತಿರೋದು ಹಳೇದಾಗಿ ಅಲ್ಲ, ತೊಳೆದು ತೊಳೆದು.

ಕೆಂಪು ಗಾರೆ ಅಂದರೆ ಸಿಮೆಂಟಿಗೆ ಕಬ್ಬಿಣದ ಆಕ್ಸೈಡ್ ಬಣ್ಣ ಬೆರೆಸಿ, ಕರಣೆಯಲ್ಲಿ ಒತ್ತಿ ಒತ್ತಿ ನುಣುಪು ಮಾಡಿದ್ದು. ಹೊಳಪು ಇರೋದು ಮೇಲಿನ ತೆಳು ಚರ್ಮದಲ್ಲಿ. ಬಣ್ಣದ ಪುಡಿಯನ್ನು ಆಸಿಡ್ ಅಷ್ಟು ಬೇಗ ಏನೂ ಮಾಡಲ್ಲ, ಆದರೆ ಬಣ್ಣವನ್ನು ಹಿಡಿದಿರುವ ಸಿಮೆಂಟನ್ನು ತಿಂದುಬಿಡುತ್ತೆ. ಆಮೇಲೆ ಬಣ್ಣ ಒರೆಸುವ ಬಟ್ಟೆಗೆ ಬರುತ್ತೆ, ನೆಲ ಬೆಳ್ಳಗಾಗುತ್ತೆ.

ನಿಮ್ಮ ಬಿಳಿ ಮಚ್ಚೆ ಆಸಿಡ್‌ನಿಂದಲೋ, ನೆಲದ ತೇವದಿಂದಲೋ ಅಂತ ಮೊದಲು ಖಚಿತ ಮಾಡ್ಕೊಳ್ಳಿ. ಒದ್ದೆ ಬಟ್ಟೆಯಲ್ಲಿ ಒರೆಸಿ. ಮಚ್ಚೆ ಪೂರ್ತಿ ಎದ್ದು ಬಂದು, ಬೆರಳಿಗೆ ನುಣುಪು ಸಿಕ್ಕಿ, ನಾಲ್ಕೈದು ದಿನದಲ್ಲಿ ಮತ್ತೆ ಪುಡಿಪುಡಿಯಾಗಿ ಮೂಡಿದರೆ ಅದು ಕೆಳಗಿನ ತೇವ ಹೊತ್ತು ತಂದ ಉಪ್ಪು. ಅದಕ್ಕೆ ಪಾಲಿಶ್ ಹಚ್ಚಬಾರದು, ತೇವ ಒಳಗೇ ಸಿಕ್ಕಿಹಾಕಿಕೊಂಡು ಪದರ ಏಳುತ್ತೆ. ಒಣ ಬ್ರಷ್‌ನಲ್ಲಿ ಗುಡಿಸಿ ತೆಗೆದು, ಆ ಕಡೆಯ ಗೋಡೆಯ ಹೊರಗೆ ನೀರು ನಿಲ್ಲುತ್ತಾ, ಪೈಪು ಇದೆಯಾ ನೋಡಿ. ಒದ್ದೆ ಇದ್ದಾಗ ಕೆಂಪಾಗಿ, ಒಣಗಿದ ಕೂಡಲೇ ಬೆಳ್ಳಗಾಗಿ, ಬೆರಳಿಗೆ ತರಿತರಿ ಸಿಕ್ಕಿದರೆ ಅದು ಆಸಿಡ್ ತಿಂದ ಜಾಗ.

ಆಸಿಡ್ ತಿಂದದ್ದು ತೊಳೆದರೆ ಹೋಗಲ್ಲ, ಅದು ಕಲೆಯೇ ಅಲ್ಲ, ಗಾಯ. ಮಾಡಬಹುದಾದ್ದು ಇಷ್ಟು. ಅರ್ಧ ಬಕೆಟ್ ನೀರಿಗೆ ಎರಡು ಚಮಚ ಅಡುಗೆ ಸೋಡ ಹಾಕಿ ಒಮ್ಮೆ ಒರೆಸಿ, ಬರೀ ನೀರಲ್ಲಿ ಎರಡು ಸಲ ಒರೆಸಿ. ಫ್ಯಾನ್ ಹಾಕಿ ಮೂರು ನಾಲ್ಕು ದಿನ ಒಣಗಲಿ. ಆಮೇಲೆ ಕೆಂಪು ಬಣ್ಣದ ವ್ಯಾಕ್ಸ್ ಪಾಲಿಶ್ ತೆಳ್ಳಗೆ ಹಚ್ಚಿ, ಅರ್ಧ ಗಂಟೆ ಬಿಟ್ಟು ಹತ್ತಿ ಬಟ್ಟೆಯಲ್ಲಿ ಉಜ್ಜಿ. ಎರಡನೇ ಕೈ ಮಾರನೇ ದಿನ. ದಪ್ಪಗೆ ಒಂದೇ ಕೈ ಹಚ್ಚಿದರೆ ಕಾಲಿಗೆ ಅಂಟುತ್ತೆ, ಬಿಳಿ ಪಂಚೆಗೂ ಹತ್ತುತ್ತೆ. ತರಿ ಬಹಳ ಇದ್ದರೆ ಮೊಸಾಯಿಕ್ ಪಾಲಿಶ್ ಮಾಡುವವರ ಕೈಲಿ ಸಣ್ಣ ಕಲ್ಲಿನಲ್ಲಿ ಮೆಲ್ಲಗೆ ಒಂದು ಸುತ್ತು ಹೊಡೆಸಬಹುದು. ಮಿಷನ್ನು ಒಂದೇ ಕಡೆ ನಿಂತರೆ ಕೆಂಪು ಪದರ ಮುಗಿದು ಕೆಳಗಿನ ಬೂದು ಸಿಮೆಂಟ್ ಕಾಣುತ್ತೆ. ಒಡೆದು ತೇಪೆ ಹಾಕಿಸೋದು ಕೊನೆಯ ದಾರಿ, ಬಣ್ಣ ಯಾವತ್ತೂ ಕೂಡಲ್ಲ.

ದಿನನಿತ್ಯಕ್ಕೆ ಬರೀ ನೀರು, ಚೆನ್ನಾಗಿ ಹಿಂಡಿದ ಬಟ್ಟೆ. ಹಿಂದಿನವರು ತೆಂಗಿನೆಣ್ಣೆ ಹಚ್ಚುತ್ತಿದ್ದರು, ತಪ್ಪಲ್ಲ. ಆದರೆ 10 ಅಡಿ, 10 ಅಡಿಯ ಕೋಣೆಗೆ ಎರಡು ಚಮಚ ಮೀರಬಾರದು. ತೆಂಗಿನೆಣ್ಣೆ ಒಣಗುವ ಜಾತಿಯದಲ್ಲ, ಹೆಚ್ಚಾದರೆ ಧೂಳು ಹಿಡಿದು ಕರಿ ಜಿಡ್ಡಾಗುತ್ತೆ, ಜಾರುತ್ತೆ. ಅಗಸೆ ಎಣ್ಣೆ ಒಣಗಿ ಪದರ ಕಟ್ಟುತ್ತೆ. ಆದರೆ ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ಕಾವು ಹುಟ್ಟಿ ತಾನೇ ತಾನಾಗಿ ಹೊತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಗಾಳಿಯಾಡುವ ಕಡೆ ಹರವಿ, ಇಲ್ಲ ನೀರಲ್ಲಿ ಅದ್ದಿಡಿ.

ಒಗೆಕಲ್ಲು

ಹಬ್ಬ ಅಂದಮೇಲೆ ಅರಿಶಿನದ ಕಲೆ ಬಂದೇ ಬರುತ್ತೆ, ಈಗಲೇ ಹೇಳಿಬಿಡ್ತೀನಿ. ಅರಿಶಿನ ಬಿದ್ದ ಬಟ್ಟೆಗೆ ಸೋಪು ಹಾಕಿದ ತಕ್ಷಣ ಕೆಂಪಾಗುತ್ತೆ, ಜನ ಗಾಬರಿಯಾಗಿ ಇನ್ನಷ್ಟು ಸೋಪು ಹಾಕ್ತಾರೆ. ಅದು ಆರತಿ ತಟ್ಟೆಯ ಓಕುಳಿ ನೀರಿನ ಲೆಕ್ಕವೇ. ಅರಿಶಿನಕ್ಕೆ ಸುಣ್ಣ ಸೇರಿದರೆ ಕೆಂಪು, ಸೋಪಿನ ಕ್ಷಾರ ಸೇರಿದರೂ ಕೆಂಪು. ನಿಂಬೆರಸ ಹಿಂಡಿದರೆ ತಿರುಗಿ ಹಳದಿ. ಬಣ್ಣ ಬದಲಾಯಿತು ಅಂದರೆ ಕಲೆ ಹೋಯಿತು ಅಂತಲೂ ಅಲ್ಲ, ಹಾಳಾಯಿತು ಅಂತಲೂ ಅಲ್ಲ.

ಅರಿಶಿನದ ಬಣ್ಣ ನೀರಿಗೆ ಹೆಚ್ಚು ಕರಗಲ್ಲ, ಎಣ್ಣೆಗೆ, ಸ್ಪಿರಿಟ್‌ಗೆ ಕರಗುತ್ತೆ. ಬಿಸಿಲಿಗೆ ಮಾತ್ರ ಅದು ನಿಲ್ಲಲ್ಲ. ಹತ್ತಿ ಬಟ್ಟೆಗೆ ನಾನು ಹೇಳೋದು ಹೀಗೆ. ಒಣ ಪುಡಿ ಇದ್ದರೆ ಒದ್ದೆ ಮಾಡುವ ಮೊದಲೇ ಕೊಡವಿ. ಸಾರು, ಹುಳಿ ಚೆಲ್ಲಿದ್ದರೆ ಮೊದಲು ಪಾತ್ರೆ ಲಿಕ್ವಿಡ್‌ನಲ್ಲಿ ಎಣ್ಣೆ ಬಿಡಿಸಿ. ಆಮೇಲೆ ಒದ್ದೆಯಾಗಿದ್ದಾಗಲೇ ಕಲೆಯ ಭಾಗ ಮೇಲೆ ಬರುವಂತೆ ನೇರ ಬಿಸಿಲಿಗೆ ಹಾಕಿ, ಒಣಗಿದಾಗಲೆಲ್ಲ ನೀರು ಚಿಮುಕಿಸಿ. ಒಂದು ದಿನಕ್ಕೆ ಅರ್ಧ, ಎರಡನೇ ದಿನಕ್ಕೆ ಬಹುಪಾಲು ಹೋಗುತ್ತೆ. ಬಣ್ಣದ ಬಟ್ಟೆಯಾದರೆ ಕಲೆಯಷ್ಟೇ ಜಾಗ ಬಿಸಿಲಿಗೆ ಬಿಟ್ಟು ಉಳಿದದ್ದು ಮುಚ್ಚಿ, ಇಲ್ಲದಿದ್ದರೆ ಸೀರೆಯೂ ಮಾಸುತ್ತೆ. ಮಿಕ್ಸಿ ಮುಚ್ಚಳ, ಪ್ಲಾಸ್ಟಿಕ್ ಡಬ್ಬ, ಇಡ್ಲಿ ಹಿಟ್ಟಿನ ಸೌಟು, ಇವನ್ನೂ ಬಿಸಿಲಿಗೇ ಇಡಿ.

ಕುಂಕುಮಕ್ಕೆ ಒಂದು ಪರೀಕ್ಷೆ: ಚಿಟಿಕೆ ಕುಂಕುಮಕ್ಕೆ ನಿಂಬೆರಸ ಹಾಕಿ. ಹಳದಿಗೆ ತಿರುಗಿದರೆ ಅರಿಶಿನದಿಂದ ಮಾಡಿದ್ದು, ಮೇಲಿನ ಉಪಾಯವೇ ಸಾಕು. ಕೆಂಪಾಗೇ ಉಳಿದರೆ ಬೇರೆ ಬಣ್ಣ ಹಾಕಿದ್ದು, ಅದು ಬಿಳಿ ಪಂಚೆಗೆ ಹತ್ತಿದರೆ ಬಹಳ ಕಷ್ಟ. ಎರಡಕ್ಕೂ ಒಂದು ನಿಯಮ ಮಾತ್ರ ಸಮಾನ: ಒಣಗಿದ್ದಾಗ ಕೊಡವಿ, ಒದ್ದೆ ಕೈಯಲ್ಲಿ ಮುಟ್ಟಬೇಡಿ. ಹೊಸ್ತಿಲಿನ ಬಣ್ಣದ ರಂಗೋಲಿಗೂ ಅದೇ. ಪೊರಕೆ ಆಮೇಲೆ ನೀರು, ನೀರು ಆಮೇಲೆ ಪೊರಕೆ ಅಲ್ಲ.

ಹೊಸಬಳು

ಅಕ್ಕ, ಮೈಸೂರು ಸಿಲ್ಕ್ ಸೀರೆಗೆ ತುಪ್ಪ ಚೆಲ್ಲಿದರೆ?

ಒಗೆಕಲ್ಲು

ನೀರು ಮುಟ್ಟಿಸಬೇಡಿ, ಮೊದಲ ತಪ್ಪೇ ಅದು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ತುಪ್ಪದ ಕಲೆಯ ಸುತ್ತ ನೀರಿನ ಉಂಗುರ ಬೇರೆ ಕೂರುತ್ತೆ. ಕಾಗದದ ಕರವಸ್ತ್ರ ಎರಡೂ ಕಡೆ ಇಟ್ಟು ಒತ್ತಿ ಹೀರಿಸಿ, ಉಜ್ಜಬೇಡಿ. ವಾಸನೆ ಇಲ್ಲದ ಟಾಲ್ಕಂ ಪೌಡರ್ ದಪ್ಪಗೆ ಹರಡಿ ರಾತ್ರಿ ಬಿಡಿ, ಬೆಳಿಗ್ಗೆ ಮೆತ್ತನೆ ಬ್ರಷ್‌ನಲ್ಲಿ ಕೊಡವಿ. ಬೇಕಾದರೆ ಇನ್ನೊಂದು ರಾತ್ರಿ. ಇನ್ನೂ ಉಳಿದರೆ ಡ್ರೈ ಕ್ಲೀನಿಂಗ್‌ಗೆ ಕೊಟ್ಟು, ಕಲೆ ಯಾವುದು, ಎಲ್ಲಿದೆ, ಏನು ಹಚ್ಚಿದ್ದೀರಿ ಅಂತ ಬಾಯಿಬಿಟ್ಟು ಹೇಳಿ. ಅದು ಹೇಳದಿದ್ದರೆ ಅವರು ಊಹೆ ಮೇಲೆ ಕೆಲಸ ಮಾಡ್ತಾರೆ.

ರೇಷ್ಮೆ ಪ್ರೋಟೀನು, ಕೂದಲಿನ ಹಾಗೆ. ಬ್ಲೀಚು ಅದನ್ನು ಹಳದಿ ಮಾಡಿ ಪುಡಿ ಮಾಡುತ್ತೆ, ಒಗೆಯುವ ಸೋಡ ಹೊಳಪು ತೆಗೆಯುತ್ತೆ. ಜರಿಯಲ್ಲಿ ಬೆಳ್ಳಿ ಇರುವುದರಿಂದ ನಿಂಬೆ, ಹುಣಸೆ ಹತ್ತಿರವೂ ಬೇಡ.

ಅಂಟುವಾಳ

ಮನೆಯಲ್ಲೇ ಒಗೆಯುವ ಸಾದಾ ರೇಷ್ಮೆಗೆ ಅಂಟುವಾಳಕ್ಕಿಂತ ಒಳ್ಳೆಯದಿಲ್ಲ. ಬೀಜ ತೆಗೆದ ಸಿಪ್ಪೆ 8 ರಿಂದ 10, ಒಂದು ಲೀಟರ್ ನೀರಲ್ಲಿ ರಾತ್ರಿ ನೆನೆಸಿ, ಕಿವುಚಿ, ಸೋಸಿ, ಅರ್ಧ ಬಕೆಟ್ ತಣ್ಣೀರಿಗೆ ಹಾಕಿ. ಮೊದಲು ಸೆರಗಿನ ಒಳಮೂಲೆಗೆ ಒದ್ದೆ ಬಿಳಿ ಬಟ್ಟೆ ಒಂದು ನಿಮಿಷ ಒತ್ತಿ ನೋಡಿ, ಬಣ್ಣ ಹತ್ತಿದರೆ ಅಲ್ಲಿಗೇ ನಿಲ್ಲಿಸಿ. ಹತ್ತದಿದ್ದರೆ ಎರಡು ಮೂರು ನಿಮಿಷ ಅದ್ದಿ ಎತ್ತಿ, ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಒಣಗಿಸಿ. ಜಾಲಾಡೋಕೆ ಬೋರ್ ನೀರು ಬೇಡ, ಕಾವೇರಿ ನೀರು ಬಂದ ದಿನ ಒಗೆಯಿರಿ. ಬಿಳಿ ಬಟ್ಟೆಗೆ ಅಂಟುವಾಳ ಬೇಡ, ಅದಕ್ಕೆ ತನ್ನದೇ ಕಂದು ಬಣ್ಣ ಇದೆ.

ಕೆರೆಕೋಡಿ_ಮದ್ದೂರು

ಬಾಳೆಕಾಯಿ ಸೊನೆ ಬಟ್ಟೆಗೆ ಬಿದ್ರೆ ಯಾರಾದ್ರೂ ಏನಾದ್ರೂ ಯೋಳಿ. ಬಾಳೆ ತೋಟದ ಕೆಲ್ಸದವ್ರ ಅಂಗಿ ನೋಡುದ್ರೆ ಗೊತ್ತಾಯ್ತದೆ, ಅದು ಜನ್ಮಕ್ಕೂ ಹೋಗಲ್ಲ.

ರಸಾಯನ_ಮೇಷ್ಟ್ರು

ಬೀಳುವಾಗ ಅದಕ್ಕೆ ಬಣ್ಣವೇ ಇರಲ್ಲ, ನೀರಿನ ಹಾಗಿರುತ್ತೆ. ಗಾಳಿ ಸೋಕಿ ಕಂದಾಗುತ್ತೆ, ಕತ್ತರಿಸಿದ ಬದನೆಕಾಯಿ ಕಪ್ಪಾಗುವ ಹಾಗೆ. ಆದ್ದರಿಂದ ಮೊದಲ ಹತ್ತು ನಿಮಿಷದಲ್ಲಿ ತಣ್ಣೀರು ಮತ್ತು ನಿಂಬೆರಸದಲ್ಲಿ ತೊಳೆದರೆ ಮಾತ್ರ ಸುಲಭ. ಬಾರ್ ಸೋಪಿನ ಕ್ಷಾರ ಅದನ್ನು ಇನ್ನಷ್ಟು ಕಪ್ಪು ಮಾಡುತ್ತೆ. ಒಣಗಿದ ಮೇಲೆ ಬಿಳಿ ಹತ್ತಿಗಾದರೆ ಆಕ್ಸಿಜನ್ ಬ್ಲೀಚ್ ಪುಡಿ, ಬಿಸಿ ನೀರಲ್ಲಿ ಆರೇಳು ಗಂಟೆ ನೆನೆಸೋದು, ಬೇಕಾದರೆ ಎರಡು ಸಲ. ಮಸುಕಾಗುತ್ತೆ, ಪೂರ್ತಿ ಹೋಗುತ್ತೆ ಅಂತ ಮಾತು ಕೊಡಲ್ಲ.

ಹಲಸಿನ ಮೇಣ ಬೇರೆ ಜಾತಿ, ಅದಕ್ಕೆ ನೀರು ತಾಗಿಸಿದರೆ ಗಟ್ಟಿಯಾಗುತ್ತೆ. ತೆಂಗಿನೆಣ್ಣೆ ಸವರಿ ಉಂಡೆ ಮಾಡಿ ತೆಗೆಯಬೇಕು, ಚಾಕುವಿಗೆ, ಕೈಗೆ ಎಲ್ಲಕ್ಕೂ ಅದೇ. ಉಳಿದ ಎಣ್ಣೆಗೆ ಪಾತ್ರೆ ಲಿಕ್ವಿಡ್. ರಕ್ತ, ಹಾಲು, ಮೊಟ್ಟೆಗೆ ತಣ್ಣೀರು ಮಾತ್ರ. ಬಿಸಿನೀರಿಗೆ ಬೆಂದು ನೂಲಿಗೆ ಕಚ್ಚಿಕೊಳ್ಳುತ್ತೆ.

ಬಾಡಿಗೆಮನೆ_ಮಂಡ್ಯ

ಎಲ್ಲರಿಗೂ ನಮಸ್ಕಾರ. ಬಾತ್‌ರೂಮ್ ನೆಲದಲ್ಲಿ ಕಬ್ಬಿಣದ ಬಕೆಟ್ ಇಟ್ಟ ಕಡೆ ಕಂದು ಉಂಗುರ ಇದೆ. ಅದಕ್ಕೆ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಬಹುದಾ? ಸಿಟ್ರಿಕ್ ಹಾಕುವ ದಿನವೇ ಅದನ್ನೂ ಮುಗಿಸೋಣ ಅಂತ.

ರಸಾಯನ_ಮೇಷ್ಟ್ರು

ಬೇಡ, ಬೇಡ. ಎರಡು ಕಾರಣಕ್ಕೆ.

ಒಂದು, ಬ್ಲೀಚಿಂಗ್ ಪೌಡರ್ ಆಗಲಿ, ಬ್ಲೀಚ್ ದ್ರವ ಆಗಲಿ, ಯಾವುದೇ ಹುಳಿಗೆ ಸೇರಿದರೆ ಕ್ಲೋರಿನ್ ಅನಿಲ ಹೊರಡುತ್ತೆ. ಬಾಗಿಲು ಮುಚ್ಚಿದ ಸಣ್ಣ ಬಾತ್‌ರೂಮಿನಲ್ಲಿ ಅದು ಪ್ರಾಣಾಪಾಯ. ಟಾಯ್ಲೆಟ್ ಕ್ಲೀನರ್, ಸಿಟ್ರಿಕ್, ವಿನೆಗರ್, ಎಲ್ಲವೂ ಹುಳಿಯೇ. ಒಂದೇ ದಿನ ಎರಡನ್ನೂ ಬಳಸಬೇಡಿ. ಬ್ಲೀಚ್ ಹಾಕಿದ್ದರೆ ಧಾರಾಳ ನೀರಲ್ಲಿ ತೊಳೆದು, ಹುಳಿಯ ಕೆಲಸ ನಾಳೆಗೆ. ಅಮೋನಿಯಾ ಇರುವ ಗಾಜಿನ ಕ್ಲೀನರ್ ಜೊತೆಗೂ ಬ್ಲೀಚ್ ಸೇರಬಾರದು. ತಪ್ಪಿ ಸೇರಿ ಕಣ್ಣು, ಗಂಟಲು ಉರಿಯಲು ಶುರುವಾದರೆ ತೊಳೆಯುತ್ತಾ ನಿಲ್ಲಬೇಡಿ. ಹೊರಗೆ ಬನ್ನಿ, ಗಾಳಿಯಾಡಲು ಬಿಡಿ, ಉಸಿರಾಟ ಕಷ್ಟವಾದರೆ ಆಸ್ಪತ್ರೆಗೆ ಹೋಗಿ.

ಎರಡು, ತುಕ್ಕಿನ ಕಲೆಗೆ ಬ್ಲೀಚ್ ಹಾಕಿದರೆ ತುಕ್ಕು ಇನ್ನೂ ಗಟ್ಟಿಯಾಗಿ ಕೂರುತ್ತೆ. ಕಬ್ಬಿಣಾಂಶ ಇರುವ ಬೋರ್ ನೀರಲ್ಲಿ ಬ್ಲೀಚ್ ಹಾಕಿ ಒಗೆದ ಬಿಳಿ ಬಟ್ಟೆ ಹಳದಿಯಾಗೋದು ಇದಕ್ಕೇ.

ತುಕ್ಕಿಗೆ ಮೊದಲು ಅದೇ ಸಿಟ್ರಿಕ್ ಪ್ರಯತ್ನಿಸಿ: ಬಟ್ಟೆ ಅದ್ದಿ ಉಂಗುರದ ಮೇಲೆ 15 ನಿಮಿಷ. ಹೋಗದಿದ್ದರೆ ಆಕ್ಸಾಲಿಕ್ ಆಸಿಡ್, ಒಂದು ಲೋಟ ನೀರಿಗೆ ಒಂದು ಸಣ್ಣ ಚಮಚ, ಪಿಂಗಾಣಿ ಟೈಲ್ಸ್ ಮೇಲೆ ಐದು ನಿಮಿಷ. ಇದು ವಿಷ, ಗ್ಲೌಸ್ ಹಾಕಿ, ಅಡುಗೆ ಪಾತ್ರೆಯಲ್ಲಿ ಕಲಸಬೇಡಿ, ಸಕ್ಕರೆ ಹರಳಿನ ಹಾಗೇ ಕಾಣುವುದರಿಂದ ಮಕ್ಕಳ ಕೈಗೆ ಎಟುಕದ ಕಡೆ ಹೆಸರು ಬರೆದು ಇಡಿ. ಬೋರ್ ನೀರಲ್ಲಿ ಕಲಸಿದರೆ ಕ್ಯಾಲ್ಸಿಯಂಗೆ ಸೇರಿ ಬಿಳಿ ಗಷ್ಟು ಬೀಳುತ್ತೆ, ಕುಡಿಯುವ ಫಿಲ್ಟರ್ ನೀರು ತಗೊಳ್ಳಿ.

ಅಂಟುವಾಳ

ಹಬ್ಬದ ದೀಪಗಳ ಬಗ್ಗೆ ಒಂದು ಮಾತು. ಹಿತ್ತಾಳೆ ದೀಪಕ್ಕೆ ನೇರ ಹುಣಸೆಹಣ್ಣು ತಿಕ್ಕಿ "ಹೋಗ್ತಾನೇ ಇಲ್ಲ" ಅಂತಾರೆ. ಎಣ್ಣೆ ಕಾದು ಕಾದು ವಾರ್ನಿಷ್ ಹಾಗೆ ಕೂತಿರುವಾಗ ಹುಳಿ ಲೋಹಕ್ಕೆ ಮುಟ್ಟೋದೇ ಇಲ್ಲ. ಮೊದಲು ಬಿಸಿನೀರು, ಒಂದು ಚಮಚ ಒಗೆಯುವ ಸೋಡ, ಅರ್ಧ ಗಂಟೆ ಅದ್ದಿ ಜಿಡ್ಡು ಬಿಡಿಸಿ. ಆಮೇಲೆ ಹುಣಸೆ, ಉಪ್ಪು, ಐದು ನಿಮಿಷ. ಹುಣಸೆ ಹಚ್ಚಿ ಮರೆತುಬಿಟ್ಟರೆ ಹಿತ್ತಾಳೆಯ ಸತು ಕರಗಿ ತಾಮ್ರ ಮೇಲೆ ಕಾಣುತ್ತೆ, ದೀಪ ಗುಲಾಬಿ ಬಣ್ಣಕ್ಕೆ ತಿರುಗುತ್ತೆ. ಆಗ ಪೀತಾಂಬರಿ ಪುಡಿಯಲ್ಲಿ ಮತ್ತೆ ಉಜ್ಜಬೇಕು. ತೊಳೆದ ಕೂಡಲೇ ಬಟ್ಟೆಯಲ್ಲಿ ಒರೆಸಿ, ತಾನಾಗಿ ಆರಲು ಬಿಟ್ಟರೆ ಬೋರ್ ನೀರಿನ ಚುಕ್ಕೆ ಅಲ್ಲೂ ಕೂರುತ್ತೆ.

ಒಗೆಯುವ ಸೋಡ ಅಲ್ಯೂಮಿನಿಯಂಗೆ ಮಾತ್ರ ಬೇಡ. ಕುಕ್ಕರ್ ಒಳಗೆ ಕಪ್ಪಾಗೋದೇ ನೀರಿನ ಕ್ಷಾರದಿಂದ, ಸೋಡ ಹಾಕಿದರೆ ಲೋಹವನ್ನೇ ತಿನ್ನುತ್ತೆ. ಕಪ್ಪು ಗೆರೆಯವರೆಗೆ ನೀರು, ಎರಡು ಹೋಳು ಹಿಂಡಿದ ನಿಂಬೆ ಸಿಪ್ಪೆ, ಮುಚ್ಚಳ ಹಾಕದೆ 10 ನಿಮಿಷ ಕುದಿಸಿ. ಚಿಮಣಿಯ ಅಲ್ಯೂಮಿನಿಯಂ ಜಾಲರಿಗೂ ಇದೇ ಎಚ್ಚರ, ಅದಕ್ಕೆ ಬಿಸಿನೀರು, ಪಾತ್ರೆ ಲಿಕ್ವಿಡ್ ಸಾಕು.

ಗೊಬ್ಬಳಿ

ಕಾಫಿ ಫಿಲ್ಟರ್ ಡಿಕಾಕ್ಷನ್ ಇಳೀತಿಲ್ಲ. ಅದಕ್ಕೂ ಇದೇ ಚರ್ಚೆಯಲ್ಲಿ ಉತ್ತರ ಸಿಗುತ್ತಾ?

ಅಂಟುವಾಳ

ಯಾಕೆ ಸಿಗಲ್ಲ, ಮೈಸೂರಿನಲ್ಲಿ ಅದಕ್ಕಿಂತ ತುರ್ತಿನ ವಿಷಯ ಇನ್ನೇನಿದೆ. ಬೆಳಕಿಗೆ ಹಿಡಿದು ನೋಡಿ, ಎಷ್ಟು ತೂತು ಮುಚ್ಚಿದೆ ಅಂತ. ಸ್ಟೀಲ್ ಫಿಲ್ಟರ್ ಆದರೆ ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಒಗೆಯುವ ಸೋಡ, 15 ನಿಮಿಷ ಕುದಿತ. ಕಾಫಿಯ ಎಣ್ಣೆ ಕಂದು ನೀರಾಗಿ ಬರುತ್ತೆ. ತೊಳೆದು, ಆಮೇಲೆ ಸಿಟ್ರಿಕ್ ನೀರಲ್ಲಿ ಕಾಲು ಗಂಟೆ, ಏಕೆಂದರೆ ತೂತಿನಲ್ಲಿ ಎಣ್ಣೆ ಮಾತ್ರ ಅಲ್ಲ, ನೀರಿನ ಸುಣ್ಣವೂ ಇರುತ್ತೆ. ಪಿನ್ನು ಚುಚ್ಚಬೇಡಿ, ತೂತು ದೊಡ್ಡದಾದರೆ ಗಷ್ಟು ಲೋಟಕ್ಕೆ ಬರುತ್ತೆ.

ಬಾಡಿಗೆಮನೆ_ಮಂಡ್ಯ

ಅಡುಗೆಮನೆ ಕಪ್ಪು ಕಲ್ಲಿನ ಉಂಗುರದ ಬಗ್ಗೆ ಯಾರೂ ಹೇಳಲಿಲ್ಲ. ಅದಕ್ಕೂ ಸಿಟ್ರಿಕ್ ಹಚ್ಚಲಾ?

ಕೆಂಪುಗಾರೆ

ಕೈ ಕಟ್ಟಿಕೊಂಡು ಕೂತ್ಕೊಳ್ಳಿ ಸ್ವಲ್ಪ. ಒಲೆಯ ಹಿಂದೆ ಕಾಣದ ಮೂಲೆಯಲ್ಲಿ ಒಂದು ತೊಟ್ಟು ನಿಂಬೆರಸ ಹಾಕಿ ಎರಡು ನಿಮಿಷ ಬಿಟ್ಟು ಒರೆಸಿ. ಏನಾಯಿತು ಹೇಳಿ.

ಬಾಡಿಗೆಮನೆ_ಮಂಡ್ಯ

ಸಣ್ಣ ಸಣ್ಣ ಗುಳ್ಳೆ ಬಂತು. ಒರೆಸಿದ ಮೇಲೆ ಅಲ್ಲಿ ಹೊಳಪು ಹೋಗಿ ಮಸುಕಾಗಿದೆ.

ಕೆಂಪುಗಾರೆ

ಹಾಗಾದರೆ ಅದು ಗ್ರಾನೈಟ್ ಅಲ್ಲ, ಕಡಪ ಕಲ್ಲು. ಕಡಪ ಸುಣ್ಣದ ಕಲ್ಲಿನ ಜಾತಿ, ಶಹಾಬಾದ್ ಕಲ್ಲೂ ಅದೇ. ನಿಮ್ಮ ಉಂಗುರಗಳು ಕೂತಿರುವ ಕಲೆ ಅಲ್ಲ, ಹುಣಸೆ ರಸದ ಪಾತ್ರೆ, ನಿಂಬೆ ಪಾನಕದ ಲೋಟ ಇಟ್ಟ ಕಡೆ ಹುಳಿ ಕಲ್ಲನ್ನು ತಿಂದ ಗುರುತು. ಸಿಟ್ರಿಕ್ ಹಚ್ಚಿದ್ದರೆ ಇಡೀ ಕಟ್ಟೆ ಉಂಗುರದ ಬಣ್ಣಕ್ಕೆ ತಿರುಗುತ್ತಿತ್ತು.

ಈಗ ಪಾತ್ರೆ ಲಿಕ್ವಿಡ್ ಹಾಕಿ ತೊಳೆದು, ಒಂದು ದಿನ ಪೂರ್ತಿ ಒಣಗಿಸಿ. 800 ನಂಬರಿನ ನೀರು ಕಾಗದ, ಅಂದರೆ ನೀರು ತಾಗಿಸಿ ಉಜ್ಜುವ ನಯವಾದ ಮರಳು ಕಾಗದ, ಒದ್ದೆ ಮಾಡಿ ಉಂಗುರದ ಜಾಗ ಮೆಲ್ಲಗೆ ಉಜ್ಜಿ, ಆಮೇಲೆ 1500. ಒರೆಸಿ ಒಣಗಿಸಿ, ಅಗಸೆ ಎಣ್ಣೆ ನಾಲ್ಕು ಹನಿ ಬಟ್ಟೆಯಲ್ಲಿ ಹಚ್ಚಿ, ಹತ್ತು ನಿಮಿಷಕ್ಕೆ ಒಣ ಬಟ್ಟೆಯಲ್ಲಿ ತೆಗೆದುಬಿಡಿ. ಕಪ್ಪು ತಿರುಗಿ ಬರುತ್ತೆ. ಆ ಬಟ್ಟೆಯನ್ನು ನೀರಿಗೆ ಅದ್ದಿಡೋದು ಮರೀಬೇಡಿ. ಹಬ್ಬದ ದಿನ ಪುಳಿಯೋಗರೆ ಗೊಜ್ಜಿನ ಪಾತ್ರೆಯ ಕೆಳಗೆ ಒಂದು ಮಣೆಯನ್ನೋ ತಟ್ಟೆಯನ್ನೋ ಇಡಿ.